ಅಳಿಸುವ ಮುನ್ನ ಒಂದು ಮಾತು

ಪುಟ್ಟಿ,

ಆಲ್ಬಂ ಪೂರ್ತಿ ಯೂಟ್ಯೂಬಿನಿಂದ ತೆಗೆದುಹಾಕುತ್ತೇನೆ ಅಂತ ಹಟ ಹಿಡಿದು ಕೂತಿದ್ದೀಯಂತೆ. ನಿನ್ನಮ್ಮ ಫೋನ್ ಮಾಡಿ, "ಅಕ್ಕಾ, ನೀನಾದ್ರೂ ಒಂದು ಮಾತು ಹೇಳು" ಅಂದಳು. ಆರು ಹಾಡು, ವರ್ಷವಿಡೀ ನೀನು ಪಟ್ಟ ಪಾಡು, ನಿನ್ನಪ್ಪ ಸ್ಟುಡಿಯೋಗೆ ಸುರಿದ ದುಡ್ಡು, ಕೊನೆಗೆ ಕೇಳಿದವರು ನೆಂಟರು ಮತ್ತು ಕಾಲೇಜಿನ ಗೆಳತಿಯರು. ಅವರಲ್ಲೂ ಅರ್ಧ ಜನ ಮೊದಲ ಹಾಡು ಮುಗಿಯುವ ಮುಂಚೆಯೇ ಲೈಕ್ ಒತ್ತಿ ಎದ್ದುಹೋದವರು. ಹದಿನೇಳರ ವಯಸ್ಸಿಗೆ ಇದು ಸಣ್ಣ ಪೆಟ್ಟಲ್ಲ. "ಹೋಗ್ಲಿ ಬಿಡು, ಮುಂದೆ ಒಳ್ಳೇದಾಗುತ್ತೆ" ಅನ್ನಲಿಕ್ಕೆ ಬೇರೆಯವರಿದ್ದಾರೆ. ನಾನು ನಿನಗೆ ಇನ್ನೊಬ್ಬ ಹುಡುಗಿಯ ಮೊದಲ ಆಲ್ಬಂ ಬಗ್ಗೆ ಹೇಳುತ್ತೇನೆ. ಕೇಳಿಸಿಕೊಂಡು ಆಮೇಲೆ ಬೇಕಾದ್ದು ಮಾಡು.

ಶಕೀರಾ ಗೊತ್ತಲ್ಲ. 2010ರ ಫುಟ್‌ಬಾಲ್ ವಿಶ್ವಕಪ್ಪಿನ 'ವಾಕಾ ವಾಕಾ'ಗೆ ನೀನೂ ಸ್ಕೂಲ್ ಡೇಯಲ್ಲಿ ಕುಣಿದವಳೇ. ಆಕೆಯ ಮೊದಲ ಆಲ್ಬಂ ಯಾವುದು ಅಂದರೆ ಬಹಳ ಜನ 1995ರ 'ಪಿಯೆಸ್ ದೆಸ್ಕಾಲ್ಸೋಸ್' ಅಂದುಬಿಡುತ್ತಾರೆ. ಅಲ್ಲ, ಅದು ಮೂರನೆಯದು. ಮೊದಲನೆಯದು 1991ರಲ್ಲಿ ಕೊಲಂಬಿಯಾದ ಸೋನಿ ಕಂಪನಿ ಹೊರತಂದ 'ಮಾಹಿಯಾ'. ಆಗ ಅವಳಿಗೆ 14 ವರ್ಷ. ಮಾರಾಟವಾದದ್ದು 1,200 ಪ್ರತಿಗಳಿಗಿಂತ ಕಡಿಮೆ ಅನ್ನುತ್ತಾರೆ. ಅವಳ ಊರಿನ ರೇಡಿಯೋದಲ್ಲಿ ಒಂದಿಷ್ಟು ದಿನ ಹಾಡು ಕೇಳಿಬಂತು, ಅಷ್ಟೇ.

ಊರು ಬರಾಂಕಿಯಾ. ಕೆರಿಬಿಯನ್ ಸಮುದ್ರಕ್ಕೆ ಮಗ್ದಲೇನಾ ನದಿ ಸೇರುವ ಕಡೆ ಇರುವ ಬಂದರು, ಕಾರ್ನಿವಲ್ ಹಬ್ಬಕ್ಕೆ ಹೆಸರಾದದ್ದು. ಅಪ್ಪನ ಕಡೆಯವರು ಲೆಬನಾನಿನ ಮೂಲದವರು. ಅಪ್ಪನಿಗೆ ಒಡವೆ ವ್ಯಾಪಾರ. ಇವಳಿಗೆ ಎಂಟು ವರ್ಷವಿದ್ದಾಗ ಆ ವ್ಯಾಪಾರ ಮುಳುಗಿತು, ಮನೆಯ ಸಾಮಾನೆಲ್ಲ ಮಾರಿಹೋಯಿತು. ಶಾಲೆಯಲ್ಲಿ ಹಾಡುವ ತಂಡಕ್ಕೆ ಸೇರಲು ಹೋದರೆ ಸಂಗೀತದ ಮೇಷ್ಟ್ರು ಬೇಡವೆಂದರು. ದನಿಯಲ್ಲಿ ನಡುಕ ಹೆಚ್ಚು, ಮೇಕೆ ಅರಚಿದ ಹಾಗಿದೆ ಎಂಬುದು ಅವರ ತೀರ್ಪು. ಈ ಮೇಕೆಯ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಲ್ಬಂ ಹೇಗಾಯಿತು ಅನ್ನುವುದೂ ಕೇಳುವಂಥದ್ದೇ. ಸೋನಿಯಲ್ಲಿದ್ದ ಸೀರೋ ವರ್ಗಾಸ್ ಎಂಬಾತ ಹೋಟೆಲ್ಲೊಂದರ ಲಾಬಿಯಲ್ಲಿ ಅವಳ ಹಾಡು ಕೇಳಿ, ಕ್ಯಾಸೆಟ್ ಒಯ್ದು ಕಚೇರಿಯಲ್ಲಿ ಕೊಟ್ಟ. ಅಲ್ಲಿ ಹಾಡು ಆರಿಸುವವರಿಗೆ ಅದು ರುಚಿಸಲಿಲ್ಲ. ಆತ ಬಿಡಲಿಲ್ಲ. ಬೊಗೋಟಾಕ್ಕೆ ಹುಡುಗಿಯನ್ನು ಕರೆಸಿ, ಕಂಪನಿಯ ದೊಡ್ಡವರಿಗೆ ಮುಂಚೆ ಹೇಳದೆ ಅವರೆದುರು ಹಾಡಿಸಿಯೇ ಬಿಟ್ಟ. ಮೂರು ಹಾಡು ಹಾಡಿದಳು. ಮೂರು ಆಲ್ಬಂಗಳಿಗೆ ಒಪ್ಪಂದವಾಯಿತು. ಇಡೀ ಕಂಪನಿಯಲ್ಲಿ ಒಬ್ಬನೇ ಒಬ್ಬನಿಗೆ ಇವಳು ಬೇಕಾಗಿದ್ದಳು, ಆ ಒಬ್ಬ ಸಾಕಾದ. ನೀನು ನಿನ್ನ ಚಾನೆಲ್ಲಿನ ಅಂಕಿ ನೋಡಿ ಅಳುತ್ತಿದ್ದೀಯಲ್ಲ, ಆ ಅಂಕಿಯೊಳಗೆ ಅಂಥವನೊಬ್ಬ ಇದ್ದಾನೋ ಇಲ್ಲವೋ ಅಂಕಿಯೇನೂ ಹೇಳುವುದಿಲ್ಲ.

ಈಗ ಆ ಆಲ್ಬಂಗೆ ಬಾ. ಎಂಟರಿಂದ ಹದಿಮೂರರವರೆಗಿನ ವಯಸ್ಸಿನಲ್ಲಿ ಬರೆದ ಹಾಡುಗಳೇ ಅದರಲ್ಲಿ ಹೆಚ್ಚು. ಆ ಕಾಲದ ಕೀಬೋರ್ಡು, ಡ್ರಮ್ ಮಷೀನು, ಪ್ರೇಮದ ಕನಸು, ಪ್ರೇಮದ ವಿರಹ. ಹದಿಮೂರು ತುಂಬಿದವಳಿಗೆ ವಿರಹ ಅಂದರೆ ಏನು ಗೊತ್ತು? ದೊಡ್ಡವರ ಹಾಡುಗಳಿಂದ ಕಡ ತಂದ ವಿರಹ ಅದು. ಹಾಡುವುದರಲ್ಲಿ ಕಳ್ಳತನವಿಲ್ಲ, ಉಸಿರು ಹಿಡಿಯುವುದು ಆ ವಯಸ್ಸಿಗೆ ಅಚ್ಚರಿ ಹುಟ್ಟಿಸುತ್ತದೆ, ಆದರೆ ಹಾಡು ಮುಗಿದ ಮೇಲೆ ಇದನ್ನು ಹಾಡಿದವಳು ಯಾರು ಅನ್ನುವುದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನನಗೆ ಹಾಗನ್ನಿಸಿತು. ಅದನ್ನು ಮುತ್ತು, ರತ್ನ, ಯಾರೂ ಗುರುತಿಸದ ಮೇರುಕೃತಿ ಅಂತ ಹೊಗಳುವವರೂ ಇದ್ದಾರೆ. ಆ ಹೊಗಳಿಕೆ ಅವಳು ಮುಂದೆ ಏನಾದಳು ಎಂದು ಗೊತ್ತಾದ ಮೇಲೆ ಬಂದದ್ದು.

ಆದರೆ ಅದರಲ್ಲಿ 'ಗಾಫಾಸ್ ಒಸ್ಕುರಾಸ್' ಎಂಬ ಒಂದು ಹಾಡಿದೆ. ಕಪ್ಪು ಕನ್ನಡಕದ ಹಾಡು. ಅವಳ ಅಪ್ಪನ ಮೊದಲ ಹೆಂಡತಿಯ ಮಗನೊಬ್ಬ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ. ಆಗ ಇವಳು ಹಾಲು ಬಿಟ್ಟಿದ್ದ ಮಗು, ಅಷ್ಟೇ. ಆ ಅಪ್ಪ ದುಃಖ ಯಾರಿಗೂ ಕಾಣದಿರಲೆಂದು ವರ್ಷಗಟ್ಟಲೆ ಕಪ್ಪು ಕನ್ನಡಕ ತೆಗೆಯಲೇ ಇಲ್ಲ. ಅದನ್ನು ನೋಡುತ್ತಾ ಬೆಳೆದ ಮಗಳು ಎಂಟನೇ ವಯಸ್ಸಿಗೆ ಬರೆದದ್ದು ಆ ಹಾಡು. ಅವಳು ಬರೆದ ಮೊದಲ ಹಾಡೇ ಅದು. ಉಳಿದವುಗಳ ಜೊತೆ ಇಟ್ಟು ಕೇಳಿದರೆ ವ್ಯತ್ಯಾಸ ಯಾವ ವಿಮರ್ಶಕನೂ ಹೇಳಬೇಕಾಗಿಲ್ಲ. ಉಳಿದವು ಕೇಳಿದ್ದರಿಂದ ಹುಟ್ಟಿದವು, ಇದು ಕಂಡದ್ದರಿಂದ ಹುಟ್ಟಿದ್ದು.

ನಿನ್ನ ಆರು ಹಾಡನ್ನೂ ನಾನು ಕೇಳಿದ್ದೇನೆ, ಒಂದು ಸಲವಲ್ಲ. ಐದು ಹಾಡಿನಲ್ಲಿ ಮಳೆ, ಕಾಫಿ, ಮರೆತುಹೋದ ಅವನು, ಮರೆಯಲಾಗದ ಅವನು. ಇನ್ನೊಂದರಲ್ಲಿ ಟ್ಯೂಷನ್ ಮುಗಿಸಿ ಬರುವಾಗ ಕೊನೆಯ ಬಸ್ಸು ತಪ್ಪಿ, ಬಸ್‌ಸ್ಟ್ಯಾಂಡಿನ ಹೂವಿನವಳ ಪಕ್ಕ ಕೂತು ಅಪ್ಪ ಬೈಕಿನಲ್ಲಿ ಬರುವುದನ್ನೇ ಕಾಯುವ ಹುಡುಗಿ ಇದ್ದಾಳೆ. ಅದನ್ನು ನೀನು ಕೊನೆಗೆ ಹಾಕಿದ್ದೀಯ, ವಿಡಿಯೋ ಕೂಡ ಮಾಡಿಸಿಲ್ಲ. ಯಾಕೆ? ಇಷ್ಟು ಸಾಧಾರಣವಾದ ಸಂಗತಿ ಯಾರಿಗೆ ಬೇಕು ಅಂತ ತಾನೇ?

ಇನ್ನೊಂದು ಸಂಗತಿ ನಿನ್ನ ಶಾರೀರ. ಮಂದ್ರಕ್ಕೆ ಇಳಿದಾಗ ನಿನ್ನ ದನಿಯಲ್ಲಿ ಒಂದು ಗೊಗ್ಗರು ಬರುತ್ತದೆ, ನಿನ್ನಜ್ಜಿ ಸಂಪ್ರದಾಯದ ಹಾಡು ಹೇಳುವಾಗ ಬರುತ್ತಿತ್ತಲ್ಲ, ಅದೇ. ಸ್ಟುಡಿಯೋದ ಆ ಹುಡುಗ ಆಟೊಟ್ಯೂನ್ ಹಚ್ಚಿ ಅದನ್ನೆಲ್ಲ ಇಸ್ತ್ರಿ ಹಾಕಿದ ಬಟ್ಟೆಯಂತೆ ಮಾಡಿಟ್ಟಿದ್ದಾನೆ. ಒಂದು ಸುಕ್ಕಿಲ್ಲ, ಯಾರ ಮೈಮೇಲೂ ಕೂರುವಂಥದ್ದು. ಈಗ ಆ ಮೇಕೆ ನೆನಪು ಮಾಡಿಕೋ. ಶಕೀರಾಳ ಹಾಡನ್ನು ಇವತ್ತು ಭಾಷೆ ಬಾರದವನೂ ಎರಡು ಸಾಲಿಗೆ ಗುರುತು ಹಿಡಿಯುವುದು ಯಾವುದರಿಂದ? ಆ ನಡುಕದಿಂದ, ಮಾತಿನ ನಡುವೆ ಮುರಿಯುವ ಆ ಕೊರಳಿನಿಂದ. ಮೇಷ್ಟ್ರು ಬೇಡವೆಂದದ್ದು ಅದನ್ನೇ. ದೋಷವೆಲ್ಲ ಗುಣ ಅಂತ ನಾನು ಹೇಳುತ್ತಿಲ್ಲ, ಹಾಗಂದುಕೊಂಡು ಶ್ರುತಿ ತಪ್ಪುವುದನ್ನೂ ಶೈಲಿ ಅನ್ನಬೇಡ. ಎರಡನೇ ಹಾಡಿನ ಚರಣದಲ್ಲಿ ನೀನು ಶ್ರುತಿ ಬಿಟ್ಟಿದ್ದೀಯ, ಅದು ಬರೀ ತಪ್ಪು, ಸಾಧಕದಿಂದ ಸರಿಹೋಗುವಂಥದ್ದು. ಯಾವುದು ತಿದ್ದುವುದು, ಯಾವುದು ಉಳಿಸಿಕೊಳ್ಳುವುದು ಅನ್ನುವುದನ್ನು ತಿಳಿದುಕೊಳ್ಳಲಿಕ್ಕಾದರೂ ನಿನಗೆ ಆ ಆಲ್ಬಂ ಬೇಕು. ಅಳಿಸಿಬಿಟ್ಟರೆ ಏನು ನೋಡಿ ಕಲಿಯುತ್ತೀಯ?

ಶಕೀರಾಳ ಎರಡನೆಯ ಆಲ್ಬಂ 'ಪೆಲಿಗ್ರೋ' 1993ರಲ್ಲಿ ಬಂತು. ಅದೇ ವರ್ಷ ಚಿಲಿಯ ವಿನ್ಯಾ ದೆಲ್ ಮಾರ್ ಹಾಡುಹಬ್ಬದಲ್ಲಿ ಅದರ 'ಎರೆಸ್' ಹಾಡಿ ಮೂರನೇ ಸ್ಥಾನ ಪಡೆದಳು. ಆಲ್ಬಂ ಮಾತ್ರ ಮತ್ತೆ ಮುಗ್ಗರಿಸಿತು. ಈ ಸಲ ಅವಳಿಗೇ ಅದು ಹಿಡಿಸಿರಲಿಲ್ಲ, ಪ್ರಚಾರಕ್ಕೆ ಹೊರಡಲು ಒಪ್ಪಲಿಲ್ಲ. ನನ್ನ ಲೆಕ್ಕದಲ್ಲಿ ಅವಳು ಗಾಯಕಿಯಾದದ್ದು ಆ ದಿನ. ಮೊದಲ ಆಲ್ಬಂ ಸೋತಾಗ ಊರು ಒಪ್ಪಲಿಲ್ಲ, ಎರಡನೆಯದು ಸೋತಾಗ ತನಗೇ ಒಪ್ಪಿಗೆಯಿಲ್ಲ ಅನ್ನುವಷ್ಟು ಅವಳ ಕಿವಿ ಬೆಳೆದಿತ್ತು. ಆಮೇಲೆ ಓದು ಮುಗಿಸಿದಳು, ಟೀವಿ ಧಾರಾವಾಹಿಯೊಂದರಲ್ಲಿ ನಟಿಸಿದಳು. ಹಲವರ ಹಾಡು ಸೇರಿಸಿದ ಸಂಕಲನವೊಂದಕ್ಕೆ ಕೊಟ್ಟ 'ದೊಂದೆ ಎಸ್ತಾಸ್ ಕೊರಸೋನ್' ಎಂಬ ಒಂದು ಹಾಡು ಜನರ ಬಾಯಿಗೆ ಬಂತು.

ಒಪ್ಪಂದದಲ್ಲಿ ಉಳಿದಿದ್ದದ್ದು ಒಂದೇ ಆಲ್ಬಂ. ಅದೂ ಬಿದ್ದರೆ ಕಂಪನಿ ಕೈಬಿಡುತ್ತದೆ. ಅಂಥ ಹೊತ್ತಿನಲ್ಲಿ ಯಾರಾದರೂ ಮಾರುಕಟ್ಟೆ ಕೇಳಿದ್ದನ್ನು ಕೊಡೋಣ ಅನ್ನುತ್ತಾರೆ. ಅವಳು ಹಾಗನ್ನಲಿಲ್ಲ. ಲೂಯಿಸ್ ಫೆರ್ನಾಂದೋ ಒಚೋವಾ ಎಂಬ ಸಂಗೀತಗಾರನ ಜೊತೆ ಕೂತು ಹಾಡು ಕಟ್ಟಿದಳು, ನಿರ್ಮಾಣದಲ್ಲೂ ತನ್ನ ಹೆಸರಿಡಿಸಿಕೊಂಡಳು. ಗಿಟಾರು ಮುಂದೆ ಬಂತು, ಕೀಬೋರ್ಡು ಹಿಂದೆ ಸರಿಯಿತು. 'ಎಸ್ತೊಯ್ ಆಕಿ' ಕೇಳಿ ನೋಡು, ಉಸಿರಾಡಲು ಜಾಗವಿಲ್ಲದ ಹಾಗೆ ಪದ ಸುರಿಯುತ್ತಾಳೆ, ಕೊರಳು ಎಲ್ಲೆಲ್ಲಿ ಮುರಿಯಬೇಕೋ ಅಲ್ಲೆಲ್ಲ ಮುರಿಯುತ್ತದೆ. ಅದೇ 'ಪಿಯೆಸ್ ದೆಸ್ಕಾಲ್ಸೋಸ್'. 40 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. 1999ರ ಹೊತ್ತಿಗೆ ಮಾರ್ಕ್ವೆಜ್‌ನಂಥ ಕಾದಂಬರಿಕಾರ ಪತ್ರಿಕೆಯಲ್ಲಿ ಅವಳ ಬಗ್ಗೆ ಲೇಖನ ಬರೆದ. ಆತನೂ ಚಿಕ್ಕವಯಸ್ಸಿನಲ್ಲಿ ಅದೇ ಬರಾಂಕಿಯಾದ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವನು.

ಇಲ್ಲೊಂದು ಕಡೆ ನನಗೂ ಅವಳಿಗೂ ಜಗಳ. 'ಮಾಹಿಯಾ' ಮತ್ತೆ ಅಚ್ಚಾಗಲು ಅವಳು ಒಪ್ಪಿಲ್ಲ. ಎಳಸು ಅಂತ ಅವಳಿಗೆ ಸಂಕೋಚ. ಆದರೆ 1998ರ ಆಲ್ಬಂ ಮಾಡುವ ಮುಂಚೆ ಬೊಗೋಟಾ ವಿಮಾನ ನಿಲ್ದಾಣದಲ್ಲಿ ಅವಳು ಹೊಸದಾಗಿ ಬರೆದ ಹಾಡುಗಳಿದ್ದ ಪೆಟ್ಟಿಗೆ ಕಳುವಾಯಿತು. ಅದಕ್ಕೆ ಎಷ್ಟು ಸಂಕಟಪಟ್ಟಳೆಂದರೆ, ಆ ಆಲ್ಬಂ ಹೆಸರೇ ಕಳ್ಳರೆಲ್ಲಿ ಎಂದು ಕೇಳುತ್ತದೆ. ಯಾರೂ ಕೇಳದ, ಇನ್ನೂ ಹಾಡೇ ಆಗದ ಹಾಳೆಗಳಿಗೆ ಅಷ್ಟು ಅಳು. 'ಮಾಹಿಯಾ'ದಲ್ಲಿ ಹಾಡಾಗಿ ಉಳಿದ ಒಂಬತ್ತನ್ನು ಮಾತ್ರ ಅವಳೇ ಬಚ್ಚಿಡುತ್ತಾಳೆ. ದೊಡ್ಡವಳು, ಅವಳ ಇಷ್ಟ. ಅಷ್ಟಕ್ಕೂ ಅವಳು ಬಚ್ಚಿಟ್ಟರೂ ಕ್ಯಾಸೆಟ್ಟು ಕೊಂಡ ಸಾವಿರ ಮನೆಗಳಲ್ಲಿ ಅದು ಉಳಿದಿತ್ತು, ಅಲ್ಲಿಂದಲೇ ಈಗ ಅಂತರ್ಜಾಲಕ್ಕೆ ಬಂದಿದೆ. ನಿನ್ನದು ಯಾರ ಮನೆಯ ಕಪಾಟಿನಲ್ಲೂ ಇಲ್ಲ. ನೀನು ಬಟನ್ ಒತ್ತಿದರೆ ಅದು ಇಲ್ಲವೇ ಇಲ್ಲ. ಆ ಬಸ್ಸಿನ ಹಾಡೂ ಹೋಗುತ್ತದೆ.

ನೀನೂ ಶಕೀರಾ ಆಗುತ್ತೀಯ ಅಂತ ಹೇಳಲು ಇಷ್ಟೆಲ್ಲ ಬರೆದೆ ಅಂದುಕೊಳ್ಳಬೇಡ. ಹದಿನಾಲ್ಕಕ್ಕೆ ಆಲ್ಬಂ ಮಾಡಿ, ಸೋತು, ಮದುವೆಯಾಗಿ, ಬ್ಯಾಂಕಿಗೆ ಸೇರಿ, ಹಾಡು ಬಿಟ್ಟವರ ಕಥೆ ಯಾರೂ ಬರೆಯುವುದಿಲ್ಲ. ಅಂಥವರೇ ಹೆಚ್ಚು. ಅವರಲ್ಲಿ ಕೆಲವರು ಒಳ್ಳೆಯ ಹಾಡುಗಾರ್ತಿಯರೂ ಹೌದು. ಕೇಳುಗರು ಬಂದೇ ಬರುತ್ತಾರೆ ಅನ್ನುವ ಮಾತು ಕೊಡಲು ನನ್ನಿಂದಾಗದು. ನಾನು ಹೇಳುವುದು ಇಷ್ಟು: ಜನ ಕೇಳಲಿಲ್ಲ ಅನ್ನುವುದು ನಿನ್ನ ಹಾಡಿನ ಬಗ್ಗೆ ಏನೂ ತಿಳಿಸುವುದಿಲ್ಲ. ಹಾಡು ಹೇಗಿದೆ ಅಂತ ತಿಳಿಯಬೇಕಾದರೆ ನೀನೇ ಕೂತು ಕೇಳಬೇಕು, ಬೇರೆ ಯಾರದೋ ಹಾಡು ಅನ್ನುವ ಹಾಗೆ. ಈಗಲೇ ಬೇಡ, ಪರೀಕ್ಷೆ ಮುಗಿಯಲಿ. ಅಲ್ಲಿಯವರೆಗೆ ಅದನ್ನು ತೆರೆಯಲೂ ಬೇಡ, ಅಂಕಿ ನೋಡಲೂ ಬೇಡ.

ಇನ್ನು ಆ ಮ್ಯೂಸಿಕ್ ಕಂಪನಿಯ ಕಾಗದ. ಮುಂದಿನ ಹಾಡುಗಳನ್ನೆಲ್ಲ ನಮಗೇ ಕೊಡು ಅಂತ ಯಾರೋ ಕಳಿಸಿದ್ದಾರಂತೆ, ಸೋತ ಬೇಜಾರಿನಲ್ಲಿ ನೀನು ಸಹಿ ಹಾಕಲು ಹೊರಟಿದ್ದೀಯಂತೆ. ನಿನ್ನಮ್ಮನಿಗೆ ಆಲ್ಬಂ ಚಿಂತೆ, ನನಗೆ ಇದರದ್ದು. ನಿನಗಿನ್ನೂ 18 ತುಂಬಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ನಿನ್ನ ಸಹಿಗೆ ಬೆಲೆಯೇ ಇಲ್ಲ, ಹಾಗಾಗಿ ಅವರು ನಿನ್ನಪ್ಪನ ಸಹಿ ಕೇಳುತ್ತಾರೆ, ಅಪ್ಪ ಓದದೆ ಹಾಕುತ್ತಾರೆ. ಹಾಕಿಸಬೇಡ. ಹಾಡು ಬರೆದವಳೂ ನೀನೇ, ರಾಗ ಹಾಕಿದವಳೂ ನೀನೇ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ, ಹಕ್ಕು ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬರೆದವರಿಂದ, ರಾಗ ಹಾಕಿದವರಿಂದ ಯಾರೂ ಬರೆಸಿಕೊಳ್ಳುವಂತಿಲ್ಲ. ಆ ಪಾಲು ವಸೂಲು ಮಾಡಿಕೊಡಲು ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೆ. ಅಲ್ಲಿ ಸದಸ್ಯಳಾಗುವುದು ಹೇಗೆಂದು ಮೊದಲು ವಿಚಾರಿಸು. ಎಷ್ಟು ಹಾಡಿಗೆ, ಎಷ್ಟು ವರ್ಷಕ್ಕೆ ಅವರು ನಿನ್ನನ್ನು ಕಟ್ಟಿಹಾಕುತ್ತಾರೆ ಅನ್ನುವುದನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೋ. ಶಕೀರಾಳಿಗೆ ಮೂರು ಆಲ್ಬಂ ಒಪ್ಪಂದ ಒಳ್ಳೆಯದಾಯಿತು, ಯಾಕೆಂದರೆ ಎರಡು ಸಲ ಬಿದ್ದರೂ ಮೂರನೇ ಸಲಕ್ಕೆ ಜಾಗವಿತ್ತು. ನಿನಗೆ ಬಂದಿರುವ ಕಾಗದದಲ್ಲಿ ಕಂಪನಿಗೆ ಬಿಟ್ಟುಹೋಗುವ ಹಕ್ಕಿದೆ, ನಿನಗಿಲ್ಲ ಅಂತ ನಿನ್ನಮ್ಮ ಓದಿ ಹೇಳಿದಳು.

ಶನಿವಾರ ಬಸ್ಸು ಹತ್ತಿ ಬಾ. ಆ ಕಾಗದ ತಾ, ನಮ್ಮ ಬೀದಿಯಲ್ಲೇ ವಕೀಲರೊಬ್ಬರಿದ್ದಾರೆ, ತೋರಿಸೋಣ. ಸ್ಟುಡಿಯೋದ ಹುಡುಗನಿಗೆ ಹೇಳಿ ಬಸ್ಸಿನ ಹಾಡಿನ ತಿದ್ದದ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಾ, ಆಟೊಟ್ಯೂನ್ ಹಾಕುವ ಮುಂಚಿನದ್ದು. ಇಲ್ಲ ಅಂದರೆ ಅವನ ನಂಬರ್ ನನಗೆ ಕೊಡು. ಎರಡನೇ ಹಾಡಿನ ಚರಣಕ್ಕೆ ಹಾರ್ಮೋನಿಯಂ ಹಿಡಿದು ಕೂರುವುದಿದೆ, ಅದಕ್ಕೆ ಭಾನುವಾರವೂ ಉಳಿಯಬೇಕಾದೀತು ಅಂತ ಮನೆಯಲ್ಲಿ ಹೇಳಿ ಬಾ.

ನಿನ್ನ ದೊಡ್ಡಮ್ಮ