ನೆರೆಯ ಪೇಟೆಗೂ ಗಸ್ತು

ರಕ್ಷಣೆ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ನಿಲ್ಲುವುದು ಲಾಠಿ ಹಿಡಿದ ಪೋಲೀಸನ ಚಿತ್ರ. ಆದರೆ ರಕ್ಷಣೆಯಲ್ಲಿ ಎರಡು ಅಂಶಗಳುಂಟು: ಒಂದು ಕಾವಲು, ಇನ್ನೊಂದು ನೆರವು. ಕಳ್ಳನನ್ನು ತಡೆಯುವುದು ಮೊದಲನೆಯದು. ದಾರಿ ತಪ್ಪಿದವನಿಗೆ ದಾರಿ ತೋರಿಸುವುದು, ಹೊತ್ತು ಮೀರಿ ಬಸ್ಸಿಳಿದ ಹೆಣ್ಣುಮಗಳನ್ನು ಅವಳ ಓಣಿಯವರೆಗೆ ತಲುಪಿಸುವುದು ಎರಡನೆಯದು. ಪೇಟೆಯ ನಡುವೆ ಇವೆರಡೂ ತಕ್ಕಮಟ್ಟಿಗೆ ದೊರೆಯುತ್ತವೆ. ಪಕ್ಕದ ಬಡಾವಣೆಗೂ ನೆರೆಯ ಪಟ್ಟಣಕ್ಕೂ ಅವನ್ನು ವಿಸ್ತರಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹಳೆಯ ಏರ್ಪಾಡು

ಗಸ್ತು ನಮಗೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಬರುವ ತಳಾರನೇ ಮುಂದೆ ನಮ್ಮ ಹಳ್ಳಿಗಳ ತಳವಾರನಾದನು. ಅಗಸಿಯ ಬಳಿ ಕುಳಿತು ಊರಿಗೆ ಬಂದುಹೋಗುವವರನ್ನು ಗಮನಿಸುವುದು ಅವನ ಕೆಲಸ. ಅವನ ಬಲವಿದ್ದುದು ಆಯುಧಕ್ಕಿಂತ ಹೆಚ್ಚಾಗಿ ಪರಿಚಯದಲ್ಲಿ. ಯಾರ ಮನೆ ಯಾವುದು, ಯಾರು ಊರಲ್ಲಿಲ್ಲ ಎಂಬುದನ್ನು ಅವನು ಬಲ್ಲ. ಆದರೆ ಈ ಕೆಲಸ ವಂಶಪಾರಂಪರ್ಯವಾಗಿ ಕೆಲವು ಮನೆತನಗಳಿಗೇ ಅಂಟಿಕೊಂಡಿತ್ತು. ಯಾದಗಿರಿ, ಶಹಾಪುರ, ಸುರಪುರ ಮೂರೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿದವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು ಇಂಥ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಅನ್ಯಾಯ ತೊಲಗಿದ್ದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಹೋದ ಆ ಪರಿಚಯವನ್ನು ಬೇರೆ ವಿಧದಿಂದ ಮರಳಿ ಗಳಿಸಬೇಕಾಗಿದೆ.

ಮೂರು ಪರೀಕ್ಷೆಗಳು

ಗಸ್ತಿನ ಫಲವನ್ನು ಅಮೆರಿಕದಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡಿದ್ದಾರೆ. ಕಾನ್ಸಾಸ್ ನಗರದಲ್ಲಿ 1972–73ರಲ್ಲಿ 15 ಗಸ್ತು ಪ್ರದೇಶಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ವಾಹನದ ಗಸ್ತನ್ನು ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ಇನ್ನೊಂದರಲ್ಲಿ ಮೊದಲಿನಂತೆಯೇ ಇಟ್ಟರು. ಮತ್ತೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1978–79ರಲ್ಲಿ ನೆವಾರ್ಕ್ ನಗರದಲ್ಲಿ ಕಾಲ್ನಡಿಗೆಯ ಗಸ್ತನ್ನು ಪರೀಕ್ಷಿಸಿದರು. ಅಪರಾಧ ಹೆಚ್ಚೇನೂ ಇಳಿಯಲಿಲ್ಲ. ಆದರೆ ಜನರ ಭಯ ಇಳಿಯಿತು, ಪೋಲೀಸರ ಮೇಲಿನ ವಿಶ್ವಾಸ ಬೆಳೆಯಿತು. 2009ರಲ್ಲಿ ಫಿಲಡೆಲ್ಫಿಯದಲ್ಲಿ ಅಪರಾಧ ದಟ್ಟವಾಗಿದ್ದ 60 ಚಿಕ್ಕ ಸ್ಥಳಗಳನ್ನು ಆರಿಸಿ ಕಾಲ್ನಡಿಗೆಯ ಗಸ್ತನ್ನು ಇಟ್ಟಾಗ, ಗಸ್ತಿಲ್ಲದ ಅಂಥದೇ ಸ್ಥಳಗಳಿಗಿಂತ ಅಲ್ಲಿ ಹಿಂಸೆಯ ಅಪರಾಧಗಳು ಶೇಕಡಾ 23ರಷ್ಟು ಕಡಿಮೆಯಾದವು. ಒಂದಿಷ್ಟು ಅಪರಾಧ ಮಾತ್ರ ಪಕ್ಕದ ಬೀದಿಗಳಿಗೆ ಸರಿಯಿತು.

ಇವುಗಳಿಂದ ನಾನು ತಿಳಿದುಕೊಂಡದ್ದು ಇಷ್ಟು: ವಾಹನ ಸುತ್ತಿದ ಮಾತ್ರಕ್ಕೆ ಸಾಲದು, ನಡೆದು ಬರುವವನನ್ನು ಜನ ನಂಬುತ್ತಾರೆ, ಒಂದು ಪೇಟೆಯನ್ನಷ್ಟೇ ಕಾದರೆ ನೆರೆಯ ಪೇಟೆಗೆ ಹೊರೆ ಬೀಳಬಹುದು.

ನಮ್ಮ ಮೂರು ಊರುಗಳು

ಈ ದೃಷ್ಟಿಯಿಂದ ನಮ್ಮ ಜಿಲ್ಲೆಯನ್ನು ನೋಡೋಣ. ಮುಂಬಯಿ–ಚೆನ್ನೈ ರೈಲುಮಾರ್ಗದಲ್ಲಿರುವುದು ಯಾದಗಿರಿ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ದುಡಿಮೆಗಾಗಿ ಗುಳೆ ಹೋದವರು ಗಂಟುಮೂಟೆ, ಮಕ್ಕಳುಮರಿಗಳೊಡನೆ ಅಪರಾತ್ರಿಯಲ್ಲಿ ಯಾದಗಿರಿಯಲ್ಲಿ ಇಳಿದರೆ, ಭೀಮೆಯನ್ನು ದಾಟಿ ಮುಂದೆ ಹೋಗಬೇಕು. ನಿಲ್ದಾಣದಲ್ಲಿ ದೀಪವಿದೆ, ಕಾವಲಿದೆ. ಅಲ್ಲಿಂದಾಚೆಗೆ ಅವರನ್ನು ವಿಚಾರಿಸುವವರಾರು? ಗುಳೆ ಹೋದವರ ಓಣಿಗಳಲ್ಲಿ ಬೀಗ ಹಾಕಿದ ಮನೆಗಳೂ ಮುದುಕರೂ ಉಳಿಯುತ್ತಾರೆ. ಯಾವ ಮನೆಗೆ ಬೀಗವಿದೆ ಎಂಬುದನ್ನು ಕಳ್ಳನಿಗಿಂತ ಮೊದಲು ಗಸ್ತಿನವನು ಅರಿತಿರಬೇಕು.

ಅನುಕೂಲಗಳೇ ಇಲ್ಲವೆಂದಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ, ಮೇಲಧಿಕಾರಿಗಳು ಹತ್ತಿರಕ್ಕೆ ಬಂದರು. 2017ರಲ್ಲಿ ನಮ್ಮ ರಾಜ್ಯದ ಪೋಲೀಸು ಇಲಾಖೆ ಬೀಟ್ ಪದ್ಧತಿಯನ್ನು ಸುಧಾರಿಸಿ, ಒಬ್ಬೊಬ್ಬ ಪೇದೆಗೆ ಒಂದೊಂದು ಪ್ರದೇಶದ ಹೊಣೆಯನ್ನು ವಹಿಸಿ, ನಾಗರಿಕರನ್ನೂ ಅದರಲ್ಲಿ ಸೇರಿಸಿಕೊಂಡಿತು. 112ಕ್ಕೆ ಕರೆ ಮಾಡಿದರೆ ನೆರವಿನ ವಾಹನ ಬರುತ್ತದೆ. ಆದರೆ ಕರೆದ ಮೇಲೆ ಬರುವುದು ಬೇರೆ, ಕರೆಯುವ ಮೊದಲೇ ಬಲ್ಲವನಾಗಿರುವುದು ಬೇರೆ.

ಆದುದರಿಂದ ಗಸ್ತನ್ನು ವಿಸ್ತರಿಸುವಾಗ ನಾಲ್ಕು ಅಂಶಗಳನ್ನು ಗಮನಿಸಬೇಕೆಂದು ನನ್ನ ನಮ್ರ ಅಭಿಪ್ರಾಯ. ಒಂದು, ಹೊಸ ಪ್ರದೇಶಕ್ಕೆ ಹೊಸ ಆಳನ್ನೇ ಕೊಡಬೇಕು. ಇರುವವರನ್ನೇ ಎರಡು ಕಡೆಗೆ ಹಂಚಿದರೆ ಹಳೆಯದೂ ಬಡವಾಗುತ್ತದೆ. ಎರಡು, ಸುರಪುರದ ಗುಡ್ಡದ ಕಿರುಓಣಿಗಳಂಥ ಕಡೆ ನಡೆದೇ ಗಸ್ತು ಆಗಬೇಕು. ಅದೇ ವ್ಯಕ್ತಿ ಕೆಲವು ಕಾಲ ಅಲ್ಲಿಯೇ ಇರಬೇಕು. ಮೂರು, ಸಂಜೆಯ ಹೊತ್ತು ಬಸ್ ನಿಲ್ದಾಣದಲ್ಲಿ ಮಹಿಳಾ ಸಿಬ್ಬಂದಿ ಇರಬೇಕು. ನಾಲ್ಕು, ಒಂದು ಠಾಣೆಯ ಎಲ್ಲೆ ಮುಗಿದಲ್ಲಿ ನೆರವು ಮುಗಿಯಬಾರದು; ಮುಂದಿನ ಠಾಣೆಗೆ ಸುದ್ದಿ ಮುಟ್ಟಿಸಿ ಕಳುಹಿಸಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಬಗೆಯಿತು. ಸ್ವತಂತ್ರ ಭಾರತ ಅದನ್ನು 1952ರಲ್ಲಿ ರದ್ದುಮಾಡಿತು. ಕಾಯಿದೆ ಹೋದರೂ ಸಂಶಯದ ಕಣ್ಣು ಸುಲಭವಾಗಿ ಹೋಗುವುದಿಲ್ಲ. ತಾಂಡಾದವನನ್ನೋ ಗುಳೆಯಿಂದ ಮರಳಿದವನನ್ನೋ ಬಟ್ಟೆ ನೋಡಿ ತಡೆದರೆ, ಗಸ್ತು ಕಾಯಬೇಕಾದವರನ್ನೇ ಹೆದರಿಸಿದಂತಾಗುತ್ತದೆ.

ವಿದ್ಯಾರ್ಥಿಗಳಾದ ನಮಗೆ ಇದು ದೂರದ ಮಾತಲ್ಲ. ಹಳ್ಳಿಗಳಿಂದ ಬರುವ ನಮ್ಮ ಸಹಪಾಠಿ ಸೋದರಿಯರಲ್ಲಿ ಕೆಲವರು ಕೊನೆಯ ತರಗತಿಯನ್ನು ಬಿಟ್ಟು ಬಸ್ಸಿಗೆ ಓಡುವುದನ್ನು ನಾವು ದಿನವೂ ಕಾಣುತ್ತೇವೆ. ಕತ್ತಲಾದರೆ ಮನೆಯವರು ಮರುದಿನ ಕಳುಹಿಸುವರೋ ಇಲ್ಲವೋ ಎಂಬ ಅಂಜಿಕೆ ಅವರದು. ನಿಲ್ದಾಣದಿಂದ ಮನೆಯವರೆಗಿನ ಅರ್ಧ ಮೈಲಿಯ ಭಯ ಒಬ್ಬಳ ಪದವಿಯನ್ನೇ ಕಸಿದುಕೊಳ್ಳಬಲ್ಲದು. ಆ ಅರ್ಧ ಮೈಲಿ ನೆರೆಯ ಪೇಟೆಯಲ್ಲಿದ್ದರೆ ಗಸ್ತು ಅಲ್ಲಿಗೂ ಹೋಗಲಿ. ನಮ್ಮ ನಮ್ಮ ಓಣಿಯ ಬೀಟಿನಲ್ಲಿ ಸದಸ್ಯರಾಗಿ ಸೇರಿ, ಗಸ್ತಿನವನಿಗೆ ಊರನ್ನು ಪರಿಚಯ ಮಾಡಿಕೊಡುವುದು ನಮ್ಮಿಂದಾಗುವ ಕೆಲಸ.