ಸೌತೆಕಾಯಿ ಕೊಟ್ಟರೆ ಕಪ್ಪಾ ಸಿಗುತ್ತದೆಯೇ?

ಪ್ರಶ್ನೆ: ಮಗ ಜಪಾನಿನ ಕಾರ್ಟೂನಿನಲ್ಲಿ ಬರುವ ಕಪ್ಪಾನನ್ನು ನೋಡಿ ಬಿದ್ದು ಬಿದ್ದು ನಗುತ್ತಾನೆ. ನಮ್ಮ ಅತ್ತೆಯವರು ಮಾತ್ರ ‘ಅದು ದೆವ್ವ, ತೋರಿಸಬೇಡ’ ಅನ್ನುತ್ತಾರೆ. ಅದು ನಿಜಕ್ಕೂ ದೆವ್ವವೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ದೆವ್ವವಲ್ಲ, ಆದರೆ ಅತ್ತೆಯವರ ಭಯ ಸುಳ್ಳೂ ಅಲ್ಲ. ಸತ್ತವರು ನೆಮ್ಮದಿಯಿಲ್ಲದೆ ಅಲೆದರೆ ಜಪಾನಿನಲ್ಲಿ ಅವರನ್ನು ‘ಯೂರೇ’ ಎನ್ನುತ್ತಾರೆ. ಕಪ್ಪಾ ಸೇರುವುದು ಹೊಳೆ, ಕಾಡು, ಹಳೆಮನೆಗಳಲ್ಲಿ ಬೀಡುಬಿಟ್ಟ ‘ಯೋಕಾಯ್’ಗಳ ಸಾಲಿಗೆ. ಈಗ ಮುದ್ದಾಗಿ ಕಂಡರೂ ಹಳೆಯ ಕಥೆಗಳಲ್ಲಿ ಅದು ಮಕ್ಕಳನ್ನೂ ಕುದುರೆಗಳನ್ನೂ ನೀರಿಗೆ ಎಳೆದುಕೊಳ್ಳುತ್ತಿತ್ತು. ಮಕ್ಕಳು ಮಡುವಿನ ಹತ್ತಿರ ಸುಳಿಯದಿರಲಿ ಎಂದು ಹಿರಿಯರು ಈ ಕಥೆಗಳನ್ನು ಚೆನ್ನಾಗಿಯೇ ಬಳಸಿಕೊಂಡರು.

ಮಗುವಿನಷ್ಟು ಎತ್ತರ, ಬೆನ್ನಿಗೆ ಆಮೆಚಿಪ್ಪು, ನೆತ್ತಿಯಲ್ಲಿ ತಟ್ಟೆಯಂಥ ತಗ್ಗು. ಆ ತಗ್ಗಿನಲ್ಲಿ ನಿಂತ ನೀರೇ ಅದರ ಬಲ. ಎದುರಿಗೆ ಸಿಕ್ಕರೆ ಓಡಬೇಕಿಲ್ಲ, ಬಾಗಿ ವಂದಿಸಿ. ಮರ್ಯಾದೆಗೆ ಕಟ್ಟುಬಿದ್ದ ಕಪ್ಪಾ ತಾನೂ ಬಾಗುತ್ತದೆ, ನೀರು ಚೆಲ್ಲುತ್ತದೆ, ಶಕ್ತಿ ಉಡುಗುತ್ತದೆ. (ಜಪಾನೀಯರಂತೆ ತಮ್ಮ ಶಿಷ್ಟಾಚಾರವನ್ನು ತಾವೇ ಇಷ್ಟು ಸೊಗಸಾಗಿ ಗೇಲಿ ಮಾಡಿಕೊಂಡವರು ಕಡಿಮೆ.)

ಸೌತೆಕಾಯಿ ಎಂದರೆ ಅದಕ್ಕೆ ಪ್ರಾಣ. ಸೌತೆಕಾಯಿ ಸುಶಿಗೆ ‘ಕಪ್ಪಾಮಾಕಿ’ ಎಂಬ ಹೆಸರು ಬಂದದ್ದೂ ಹಾಗೆಯೇ. ಇವಾತೆ ಪ್ರಾಂತ್ಯದ ತೋನೋ ಊರಿನ ಕಪ್ಪಾ ಮೊದಲಾದ ಕಥೆಗಳನ್ನು ಜಾನಪದ ವಿದ್ವಾಂಸ ಯನಗಿತಾ ಕುನಿಯೋ 1910ರಲ್ಲಿ ಪುಸ್ತಕವಾಗಿ ತಂದರು. ಅಲ್ಲಿನ ‘ಕಪ್ಪಾಬುಚಿ’ ಮಡುವಿನಲ್ಲಿ ಇಂದಿಗೂ ಕೋಲಿಗೆ ಸೌತೆಕಾಯಿ ಕಟ್ಟಿ ಇಳಿಬಿಡುತ್ತಾರೆ. ಕಪ್ಪಾ ಹಿಡಿಯಲು ಪರವಾನಗಿ ಚೀಟಿಯೂ ಮಾರಾಟಕ್ಕಿದೆ! ನಿಯಮಗಳನ್ನು ಕೇಳಿ: ಜೀವಂತ ಹಿಡಿಯಬೇಕು, ತಲೆಯ ನೀರು ಚೆಲ್ಲಬಾರದು, ತಾಜಾ ತರಕಾರಿಯನ್ನೇ ಬಳಸಬೇಕು, ಮುಖ ಕೆಂಪಗಿದ್ದರೆ ಮಾತ್ರ ಹಿಡಿಯಬಹುದು. ಮಗ ಕಾರ್ಟೂನ್ ನೋಡಲಿ ಬಿಡಿ. ಹೊಳೆಗೆ ಒಬ್ಬನೇ ಹೋಗದಿದ್ದರಾಯಿತು.

ಪ್ರಶ್ನೆ: ಕೊರೊನಾ ಕಾಲದಲ್ಲಿ ಜಪಾನ್ ಸರ್ಕಾರವೇ ಯಾವುದೋ ಭೂತದ ಚಿತ್ರ ಹಾಕಿತ್ತಂತೆ. ನೋಡಿದರೆ ರೋಗ ಬರುವುದಿಲ್ಲವೆಂದೇ?
– ನಿವೃತ್ತ ಶಿಕ್ಷಕ, ಬಾಗಲಕೋಟೆ

ಉತ್ತರ: ಅದು ಅಮಾಬಿಯೆ. 2020ರಲ್ಲಿ ಆರೋಗ್ಯ ಸಚಿವಾಲಯ ಸೋಂಕು ತಡೆಯುವ ಪ್ರಚಾರಕ್ಕೆ ಅದನ್ನು ಬಳಸಿಕೊಂಡದ್ದು ನಿಜ. ಮೂಲಕಥೆ 1846ರದು, ಈಗಿನ ಕುಮಾಮೊತೊ ಕಡೆಯದು. ಕಡಲಲ್ಲಿ ಹೊಳೆಯುತ್ತಿದ್ದುದೇನೆಂದು ನೋಡಲು ಹೋದ ಅಧಿಕಾರಿಯ ಮುಂದೆ ಉದ್ದ ಕೂದಲಿನ, ಕೊಕ್ಕಿನ, ಮೈತುಂಬ ಹುರುಪೆಯ ಜೀವಿ ಎದ್ದಿತಂತೆ. ಆರು ವರ್ಷ ಒಳ್ಳೆಯ ಬೆಳೆ, ಜತೆಗೆ ರೋಗವೂ ಹಬ್ಬುತ್ತದೆ, ನನ್ನ ಚಿತ್ರ ಬರೆದು ಜನಕ್ಕೆ ತೋರಿಸಿ ಎಂದು ಹೇಳಿ ಮುಳುಗಿತಂತೆ. ನೋಡಿದರೆ ರೋಗ ಬಾರದು ಎಂಬ ಮಾತು ಅದರಲ್ಲಿಲ್ಲ, ಅದು ಆಮೇಲೆ ಜನ ಸೇರಿಸಿಕೊಂಡದ್ದು. ನಮಗೆ ಉಳಿದಿರುವ ಸಾಕ್ಷಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿರುವ ಸುದ್ದಿಹಾಳೆ. ಬೀದಿಯಲ್ಲಿ ಕಾಸಿಗೆ ಮಾರುತ್ತಿದ್ದ ಬಗೆಯದು. ‘ನನ್ನ ಚಿತ್ರ ಎಲ್ಲರಿಗೂ ತೋರಿಸಿ’ ಎನ್ನುವ ಭೂತ ಸಿಕ್ಕರೆ ಹಾಳೆ ಮಾರುವವನಿಗೆ ಇನ್ನೇನು ಬೇಕು?