ನಿಮ್ಮ ಚಿತ್ರ, ತೊಗಲಿನ ಬೊಂಬೆ

ಹಿಂದೂಪುರ, ಕಲ್ಯಾಣದುರ್ಗದ ಗೆಳೆಯರೇ, ನೀವೇ ಕಲ್ಪಿಸಿ ಬರೆದ ಪಾತ್ರ ಬೊಂಬೆಯಾಗಬೇಕೇ? ಧರ್ಮಾವರಂ ಬಳಿಯ ನಿಮ್ಮಲಕುಂಟೆಗೆ ಹೋಗಿಬನ್ನಿ. 2020ರಲ್ಲಿ ಪದ್ಮಶ್ರೀ ಪಡೆದ ತೊಗಲುಬೊಂಬೆ ಕಲಾವಿದ ದಳವಾಯಿ ಚಲಪತಿ ರಾವ್ ಅವರ ಊರು ಅದು. ಅಲ್ಲಿ ಹದಮಾಡಿದ ಮೇಕೆ ತೊಗಲಿನ ಮೇಲೆ ಚಿತ್ರ ಬರೆದು, ಉಳಿಯಿಂದ ತೂತು ಕೊರೆದು, ಬಣ್ಣ ಹಚ್ಚುತ್ತಾರೆ. ಹಿಂದಿನಿಂದ ದೀಪ ಹಿಡಿದರೆ ಆ ತೂತುಗಳೇ ಒಡವೆಗಳಾಗಿ ಹೊಳೆಯುತ್ತವೆ.

ಬೊಂಬೆ ಹೀಗೆ ಬೆಳಕಿಗೆ ಎದುರಾಗಿ ಕಾಣುವುದರಿಂದ ನಿಮ್ಮ ಚಿತ್ರದ ಹೊರಗೆರೆ ಸ್ಪಷ್ಟವಾಗಿರಲಿ. ಮುಖವನ್ನು ಒಂದು ಪಕ್ಕದಿಂದ ಬರೆದರೆ ಮೂಗು, ಗದ್ದ ಎದ್ದು ಕಾಣುತ್ತವೆ. ಕೈಕಾಲು ಆಡಬೇಕಾದರೆ ಅವನ್ನು ಬಿಡಿಯಾಗಿ ಬರೆಯಿರಿ. ಕೀಲಿನ ಕಡೆ ಒಂದರ ಮೇಲೊಂದು ಕೂರುವಷ್ಟು ಹೆಚ್ಚು ಜಾಗ ಬಿಡಿ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಆಡಿಸಿ ನೋಡಿ. ಮರದ ಬೊಂಬೆಯೇ ಬೇಕೆಂದರೆ ಮರದ ಆಟಿಕೆಗಳ ಊರು ಚನ್ನಪಟ್ಟಣವಿದೆ, ಆದರೆ ಲೇತಿನಲ್ಲಿ ತಿರುಗಿಸಿದ್ದು ದುಂಡಗೇ ಬರುತ್ತದೆ. ಚೂಪು ಕಿವಿ, ಬಾಲ ಬೇರೆ ಮಾಡಿ ಕೂಡಿಸಬೇಕು.

ತೊಗಲಿಗೆ ತೇವ ತಾಗಿಸಬೇಡಿ. ಕೂಲಿಯಲ್ಲಿ ಚೌಕಾಸಿ ಬೇಡ. ಬೊಂಬೆಯ ಮೇಲೆ ನಿಮ್ಮ ಹೆಸರಿನ ಜೊತೆ ಅದನ್ನು ಮಾಡಿದವರ ಹೆಸರನ್ನೂ ಬರೆಸಿ.